ನಡುವಿನವನು

"ಗುರುಗಳೇ, ಕಲಿತ ವಿದ್ಯೆ ಒಂದೇ ಆಗಿರುವಾಗ ಅದನ್ನು ಯಾರ ಬಳಿ ಕುಳಿತು ನಡೆಸಿದರೇನು?"

ಕೇಳಿದವನು ಸುಗತಪಾಲ. ಕಡಲಾಚೆಯ ದ್ವೀಪದಿಂದ ವೈದ್ಯವಿದ್ಯೆ ಕಲಿಯಲೆಂದು ಈ ನಾಡಿಗೆ ಬಂದವನು. ಗುರುವಿನ ಮನೆಯಲ್ಲೇ ಉಂಡು, ಗುರುವಿನ ಮನೆಯ ಮಾತನ್ನೇ ಕಲಿತು, ಈಗ ವಿದ್ಯೆ ಮುಗಿಸಿದ್ದ. ನಾಡಿನ ಕಟ್ಟಳೆ ಅವನಿಗೆ ಗೊತ್ತಿತ್ತು. ಹೊರದೇಶದ ವಿದ್ಯಾರ್ಥಿ ಕಲಿತ ಮೇಲೂ ಇಲ್ಲಿ ಉಳಿಯಬೇಕಾದರೆ ಊರಿನವರೊಬ್ಬರು ಅವನಿಗೆ ಕೆಲಸ ಕೊಟ್ಟು ಹೊಣೆ ಹೊರಬೇಕು. ಹೊರುವವರಿಲ್ಲದಿದ್ದರೆ ಮಳೆಗಾಲ ಕಳೆದು ಹೊರಡುವ ಮೊದಲ ಹಡಗನ್ನು ಅವನು ಹತ್ತಬೇಕು. ಸುಗತಪಾಲನಿಗೆ ಹಡಗು ಹತ್ತುವ ಮನಸ್ಸಿರಲಿಲ್ಲ. ಈ ನೆಲ ಅವನಿಗೆ ಹಿಡಿಸಿಬಿಟ್ಟಿತ್ತು.

ಹೊಣೆ ಹೊರಲು ಒಬ್ಬ ಸಿದ್ಧನಿದ್ದ. ಅವನು ಬಂದರಿನ ದೊಡ್ಡ ಮದ್ದಿನ ವರ್ತಕ. ಸುಗತಪಾಲನ ದ್ವೀಪದಿಂದ ಬರುವ ನಾವಿಕರಿಗೆ ಅಂಗಡಿಯಲ್ಲಿ ಕುಳಿತು ನಾಡಿ ನೋಡಿ ಮದ್ದು ಹೇಳಬೇಕು, ಅದೇ ಕೆಲಸ. ಇನ್ನೊಂದು ಕಡೆ ಬಡವರ ಚಿಕಿತ್ಸೆಯ ಧರ್ಮಶಾಲೆಯಿತ್ತು. ಅಲ್ಲಿಯ ಮುದುಕ ವೈದ್ಯನಿಗೆ ಸುಗತಪಾಲ ಬೇಕಾಗಿದ್ದ. ಆದರೆ ಹೊಣೆಯ ಮಾತೆತ್ತಿದರೆ ಆತ "ಊರ ಹಿರಿಯರನ್ನು ಕೇಳೋಣ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪವಿಡುತ್ತಿದ್ದ. ಹುಡುಗನ ಮನಸ್ಸು ಧರ್ಮಶಾಲೆಯ ಕಡೆಗೆ ಎಳೆಯುತ್ತಿತ್ತು, ಭಯ ವರ್ತಕನ ಕಡೆಗೆ ತಳ್ಳುತ್ತಿತ್ತು. ಭಯಕ್ಕೆ ಯಾವಾಗಲೂ ತೋಳ್ಬಲ ಹೆಚ್ಚು.

ಗುರು ಅಮೃತಬಳ್ಳಿಯ ತುಂಡುಗಳನ್ನು ಬಿಸಿಲಿಗೆ ಹರಡುತ್ತಿದ್ದವರು ತಲೆಯೆತ್ತಿದರು. "ನೀನು ಕೇಳಲು ಬಂದಿಲ್ಲಪ್ಪ, ನನ್ನಿಂದ ಹೂಂ ಅನ್ನಿಸಿಕೊಳ್ಳಲು ಬಂದಿದ್ದೀಯ" ಎಂದು ನಕ್ಕರು.

ಸುಗತಪಾಲನ ಮುಖ ಕೆಂಪಾಯಿತು. "ಸುಳ್ಳು ಹೇಳು ಎಂದು ವರ್ತಕ ಹೇಳಿಲ್ಲ ಗುರುಗಳೇ. ರೋಗಕ್ಕೆ ತಕ್ಕ ಮದ್ದನ್ನೇ ಹೇಳು, ನಮ್ಮ ಅಂಗಡಿಯದನ್ನು ಹೇಳು ಎಂದಿದ್ದಾನೆ, ಅಷ್ಟೇ."

"ಹಾಗಾದರೆ ಕುಳಿತುಕೋ" ಎಂದರು ಗುರು. ಅವರ ಬಾಯಿಂದ ಈ ಮಾತು ಬಂದರೆ ಕತೆ ಬರುತ್ತದೆಂದು ಶಿಷ್ಯರಿಗೆಲ್ಲ ಗೊತ್ತು. ಸುಗತಪಾಲ ಕುಳಿತ.

ಬೆಟ್ಟದ ನಾಡಿನ ಒಬ್ಬ ಯುವಕ ಬಯಲಿನ ಪೇಟೆಗೆ ಭಾಷೆ ಕಲಿಯಲು ಹೋದ. ಬೆಟ್ಟದವರಲ್ಲಿ ಪೇಟೆಯ ಭಾಷೆ ಬಲ್ಲವರಿರಲಿಲ್ಲ. ಪೇಟೆಯವರಲ್ಲಿ ಬೆಟ್ಟದ ಭಾಷೆ ಕೇಳಿದವರೂ ಇರಲಿಲ್ಲ. ಯುವಕ ಚೆನ್ನಾಗಿ ಕಲಿತ. ಪೇಟೆಯ ಮಾತಿನಲ್ಲಿ ಲೆಕ್ಕ ಮಾಡಿದ, ಜಗಳವಾಡಿದ, ಕೊನೆಗೆ ಕನಸನ್ನೂ ಕಂಡ. ಕಲಿಕೆ ಮುಗಿದಾಗ ಅವನಿಗೂ ನಿನ್ನ ಗತಿಯೇ ಬಂತು. ಕೆಲಸ ಸಿಕ್ಕರೆ ಊರು, ಇಲ್ಲವಾದರೆ ಬೆಟ್ಟದ ದಾರಿ. ಒಬ್ಬ ಉಪ್ಪಿನ ಸಾಹುಕಾರ ಅವನನ್ನು ದುಭಾಷಿಯಾಗಿ ಇಟ್ಟುಕೊಂಡ. "ನಾನು ಹೇಳಿದ್ದನ್ನು ಅವರಿಗೆ ಹೇಳು, ಅವರು ಹೇಳಿದ್ದನ್ನು ನನಗೆ ಹೇಳು. ಒಂದು ಮಾತು ಕೂಡಿಸಬೇಡ, ಒಂದು ಮಾತು ಕಳೆಯಬೇಡ" ಎಂದ. ಯುವಕನಿಗೆ ನೆಮ್ಮದಿಯಾಯಿತು. ಇದಕ್ಕಿಂತ ಪ್ರಾಮಾಣಿಕವಾದ ಕೆಲಸ ಬೇರೆ ಯಾವುದಿದೆ ಎಂದುಕೊಂಡ.

ಸುಗತಪಾಲನಿಗೂ ಹಾಗೆಯೇ ಅನ್ನಿಸಿತು. ಅವನು ತಲೆಯಾಡಿಸಿದ. ಗುರು ಅದನ್ನು ಗಮನಿಸಿ ಮುಂದುವರಿಸಿದರು.

ಸುಗ್ಗಿಯ ಹೊತ್ತಿಗೆ ಬೆಟ್ಟದವರು ಜೇನು ಹೊತ್ತು ಇಳಿದರು. ವರುಷವೆಲ್ಲ ಬಂಡೆಯ ಮೇಲೆ ಜೀವ ಒತ್ತೆಯಿಟ್ಟು ಇಳಿಸಿದ ಜೇನು. ಅದನ್ನು ಕೊಟ್ಟು ಉಪ್ಪು ಒಯ್ಯಬೇಕು. ಆ ಉಪ್ಪಿನಲ್ಲೇ ಬೆಟ್ಟದ ಮಂದಿ, ದನಕರು ಮುಂದಿನ ಸುಗ್ಗಿಯವರೆಗೆ ದಿನ ದೂಡಬೇಕು. ಸಾಹುಕಾರನ ಪಕ್ಕದಲ್ಲಿ ತಮ್ಮ ಹುಡುಗ ನಿಂತಿರುವುದನ್ನು ಕಂಡು ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಮುದುಕರು ಅವನ ಗಲ್ಲ ಸವರಿದರು.

ಸಾಹುಕಾರ ಜೇನು ನೋಡಿ, "ಕೊಡಕ್ಕೆ ಒಂದು ಮೂಟೆ ಉಪ್ಪು" ಎಂದ.

ಪೇಟೆಯಲ್ಲಿ ಮೊದಲ ಮಾತು ಮಾತೇ ಅಲ್ಲ. ಒಂದು ಎಂದರೆ ಎದುರಿನವನು ಮೂರು ಎನ್ನಬೇಕು. ಇವನು ಎದೆ ಬಡಿದುಕೊಳ್ಳಬೇಕು, ಅವನು ಎದ್ದು ಹೊರಟಂತೆ ಮಾಡಬೇಕು. ಕೊನೆಗೆ ಎರಡಕ್ಕೆ ಬಂದು ನಿಲ್ಲಬೇಕು. ಸಾಹುಕಾರ ಎರಡು ಮೂಟೆಯ ಲೆಕ್ಕದಲ್ಲೇ ಉಪ್ಪು ತೆಗೆದಿರಿಸಿದ್ದ. ಅವನು ಕೆಟ್ಟವನಲ್ಲ, ಪೇಟೆಯವನು.

ಯುವಕ ಆ ಮಾತನ್ನು ಬೆಟ್ಟದ ಭಾಷೆಗೆ ತಿರುಗಿಸಿ ಹೇಳಿದ. ಒಂದು ಮಾತು ಕೂಡಿಸಲಿಲ್ಲ, ಒಂದು ಮಾತು ಕಳೆಯಲಿಲ್ಲ.

ಬೆಟ್ಟದವರ ಪದ್ಧತಿ ಬೇರೆ. ಅಲ್ಲಿ ಕೊಡುವವನೂ ಕೊಳ್ಳುವವನೂ ನೇರವಾಗಿ ಮಾತಾಡುವುದಿಲ್ಲ. ಇಬ್ಬರ ನಡುವೆ ಒಬ್ಬ ಕೂರುತ್ತಾನೆ. ಅವನಿಗೆ ನಡುವಿನವನು ಎನ್ನುತ್ತಾರೆ. ವ್ಯಾಪಾರ ಮುಗಿಯುವವರೆಗೆ ಅವನು ಇಬ್ಬರ ಮನೆಯ ನೀರನ್ನೂ ಮುಟ್ಟುವುದಿಲ್ಲ. ಎರಡೂ ಕಡೆಯ ಕಷ್ಟಸುಖ ತೂಗಿ ನೋಡಿ ಅವನೊಂದು ಮಾತು ಹೇಳುತ್ತಾನೆ. ಹೇಳಿದ ಮೇಲೆ ಮುಗಿಯಿತು. ಅದರ ಮೇಲೆ ಚೌಕಾಸಿ ಮಾಡುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ.

ಆದ್ದರಿಂದ ಹುಡುಗನ ಬಾಯಿಂದ ಬಂದ ಮಾತನ್ನು ಬೆಟ್ಟದವರು ಸಾಹುಕಾರನ ಬೆಲೆ ಎಂದುಕೊಳ್ಳಲಿಲ್ಲ, ನಡುವಿನವನ ತೀರ್ಪು ಎಂದುಕೊಂಡರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಹಿರಿಯ ತಲೆಬಾಗಿದ. ಜೇನಿನ ಕೊಡಗಳನ್ನು ಒಂದೊಂದಾಗಿ ಮುಂದೆ ಸರಿಸಿದರು.

ಸಾಹುಕಾರನಿಗೆ ಮೊದಲು ತನ್ನ ಕಣ್ಣಿನ ಮೇಲೇ ನಂಬಿಕೆ ಬರಲಿಲ್ಲ. ಆಮೇಲೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

ಎರಡೂ ಪದ್ಧತಿ ಬಲ್ಲವನು ಆ ಅಂಗಳದಲ್ಲಿ ಒಬ್ಬನೇ ಇದ್ದ. ಬಾಯಿ ತೆರೆಯಬೇಕು ಎಂದು ಅವನಿಗೆ ಅನ್ನಿಸಿತು. ಇದು ತೀರ್ಪಲ್ಲ, ಬರೀ ಮೊದಲ ಮಾತು, ಮೂರು ಕೇಳಿ ಎನ್ನಬೇಕು ಅನ್ನಿಸಿತು. ಆದರೆ ಅದು ಕೂಡಿಸಿದ ಮಾತಾಗುತ್ತಿತ್ತು. ಕೂಡಿಸಿದರೆ ಕೆಲಸ ಹೋಗುತ್ತಿತ್ತು, ಕೆಲಸ ಹೋದರೆ ಊರು ಹೋಗುತ್ತಿತ್ತು. ಅವನು ತುಟಿ ಬಿಚ್ಚಲಿಲ್ಲ.

ಆ ಯುವಕ ಹೇಳಿಬಿಡಬಾರದಿತ್ತೇ ಎಂದು ಸುಗತಪಾಲ ಚಡಪಡಿಸಿದ. ಹೇಳಿದ್ದರೆ ಹುಡುಗ ಎಲ್ಲಿಗೆ ಹೋಗಬೇಕಿತ್ತು ಎಂಬುದೂ ಅವನಿಗೆ ಗೊತ್ತಿತ್ತು.

ಬೆಟ್ಟದವರು ಉಪ್ಪು ಹೊತ್ತು ಹೊರಡುವಾಗ ಹಿರಿಯ ಹಿಂದೆ ಉಳಿದು ಯುವಕನನ್ನು ಪಕ್ಕಕ್ಕೆ ಕರೆದ. ಸೊಂಟಕ್ಕೆ ಕಟ್ಟಿಕೊಂಡಿದ್ದ ಸೋರೆಬುರುಡೆಯನ್ನು ಬಿಚ್ಚಿದ. ಅದರಲ್ಲಿ ದಾರಿಯಲ್ಲಿ ತಿನ್ನಲೆಂದು ಇಟ್ಟುಕೊಂಡಿದ್ದ ಜೇನಿತ್ತು.

"ಮಗಾ, ಇದನ್ನ ನಿಮ್ಮ ಸಾಹುಕಾರರಿಗೆ ಕೊಟ್ಬಿಡು. ಹೋದ ವರ್ಷ ನೀನಿರಲಿಲ್ಲ. ನಾವು ಕೈಸನ್ನೆ ಮಾಡಿ ಕೊಡಕ್ಕೆ ಎರಡು ಮೂಟೆ ಕೇಳಿದ್ವಿ, ಪಾಪ, ಅವರೂ ಕೊಟ್ರು. ಅದು ಹೆಚ್ಚಾಗಿತ್ತು ಅಂತ ಈಗ ನಿನ್ನಿಂದ ಗೊತ್ತಾಯ್ತು. ಇನ್ನೊಬ್ಬರ ಅನ್ನ ನಮಗೆ ಬೇಡಪ್ಪ."

ಯುವಕ ಸೋರೆಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಅವರು ಬೆಟ್ಟದ ದಾರಿ ಹಿಡಿದರು. ಹೊರೆ ಹಗುರವಾಗಿದ್ದುದರಿಂದ ಬೇಗ ಬೇಗ ನಡೆದರು.

ಗುರು ಅಲ್ಲಿಗೆ ನಿಲ್ಲಿಸಿ ಮತ್ತೆ ಅಮೃತಬಳ್ಳಿಯ ಕಡೆ ತಿರುಗಿದರು. ಸುಗತಪಾಲ ಕಾದ. ಕತೆ ಮುಂದೆ ಹೋಗಲಿಲ್ಲ.

"ಆಮೇಲೆ ಅವನು ಏನು ಮಾಡಿದ ಗುರುಗಳೇ?"

"ಏನು ಮಾಡುತ್ತಾನೆ? ಮರುದಿನ ಕೆಲಸಕ್ಕೆ ಹೋದ. ಸಾಹುಕಾರ ಬೆನ್ನು ತಟ್ಟಿದ. ಅವನಿಗೆ ಊರಲ್ಲಿ ನೆಲೆ ಸಿಕ್ಕಿತು."

ಸುಗತಪಾಲನಿಗೆ ತಡೆಯಲಾಗಲಿಲ್ಲ. ಆ ಯುವಕನ ಪರವಾಗಿ ವಾದಿಸಲೇಬೇಕೆನ್ನಿಸಿತು. ಅವನು ಸೋತರೆ ತಾನೂ ಸೋತಂತೆ ಎಂದು ಅವನಿಗೆ ಅನ್ನಿಸತೊಡಗಿತ್ತು. "ಅವನು ಒಂದೇ ಒಂದು ಸುಳ್ಳನ್ನೂ ಹೇಳಲಿಲ್ಲವಲ್ಲ! ಕಲಿತ ವಿದ್ಯೆಯನ್ನು ಕಲಿತ ಹಾಗೆಯೇ ನಡೆಸಿದ. ಅವನ ತಪ್ಪಾದರೂ ಏನು?"

ಗುರು ಕೈಯ ಧೂಳು ಕೊಡವಿಕೊಂಡರು.

"ಅವನ ವಿದ್ಯೆಯನ್ನು ಕೊಂಡವನು ಸಾಹುಕಾರ, ಬೆಲೆ ತೆತ್ತವರು ಅವನ ಊರಿನವರು, ನಿನ್ನದಕ್ಕೆ ಬೆಲೆ ತೆರುವವರು ಯಾರು ಎಂದು ಕೇಳಿಕೊಂಡಿದ್ದೀಯಾ ಮಗು?"