ಗೇಟಿನಾಚೆಯ ಜಿಗ್‌ಸಾ

"ನಿನ್ನ ಹಳೇ ಜಿಗ್‌ಸಾ ನನ್ನ ಹೊಸ ಮನಿ ಹೊಸ್ತಿಲ ದಾಟಬಾರ್ದು!" ಎಂದು ಸಾಹುಕಾರ ಪಂಪಣ್ಣ ಬಡಗಿಯ ಆ ಕರೆಂಟ್ ಗರಗಸವನ್ನು ಗೇಟಿನಾಚೆ ಇಡಿಸಿದ. ಕಿಟಕಿಯ ಕಮಾನುಗಳನ್ನೆಲ್ಲ ತಾನು ತಂದ, ಮರ ಕೊರೆಯುವ ಹೊಸ ರೂಟರ್ ಮಷಿನ್‌ನಲ್ಲೇ ಕೊಯ್ಯಬೇಕು, ಇಲ್ಲದಿದ್ದರೆ ಕೆಲಸ ಬೇರೆ ಬಡಗಿಗೆ.

ಬಡಗಿ ಮೌನೇಶ ತಲೆಯಾಡಿಸಿದ. "ಆತ್ರಿ ಸಾವ್ಕಾರ್ರ. ಆದ್ರ ರೂಟರ್‌ಗೆ ಕಣ್ಣಿಲ್ಲ. ಕಮಾನಿನ ಆಕಾರದ ಪ್ಲೈವುಡ್ ಮಾದರಿ ಇಟ್ರ ಅದರ ಅಂಚು ಹಿಡ್ಕೊಂಡು ತಿರುಗತೈತಿ. ಮಾದರಿ ನೀವ ಕೊಯ್ದು ಕೊಡ್ರಿ."

"ಅದೇನ್ ಮಹಾ!" ಪಂಪಣ್ಣ ಪ್ಲೈವುಡ್ ಮೇಲೆ ಗೆರೆ ಎಳೆದು ರೂಟರ್ ಓಡಿಸಿದ. ಅದು ಗೆರೆ ಬಿಟ್ಟು ಅಡ್ಡಾದಿಡ್ಡಿ ನುಗ್ಗಿತು. ಮೂರು ಹಲಗೆ ಹಾಳಾದವು.

"ಮತ್ತ ಮಾದರಿ ಯಾವದ್ರಾಗ ಕೊಯ್ತಾರೋ?" ಎಂದು ಪಂಪಣ್ಣ ಕೇಳಿದ.

ಮೌನೇಶ ಗೇಟಿನ ಕಡೆ ನೋಡಿದ.

ಪಂಪಣ್ಣ ತಾನೇ ಹೋಗಿ ಜಿಗ್‌ಸಾ ಎತ್ತಿಕೊಂಡು ಬಂದ. ಹೊಸ್ತಿಲಲ್ಲಿ ಮೌನೇಶ ಕೈ ಅಡ್ಡ ಹಿಡಿದ.

"ಬಲಗಾಲಿಟ್ಟು ಬರ್ರಿ ಸಾವ್ಕಾರ್ರ. ಅದು ಮೊದಲ್ನೇ ಸಲ ಮನಿಯೊಳಗ ಬರಾಕತ್ತೈತಿ."