ಹಸಿರಾಗಿ ನಿಂತ ದಿಂಡಿಗ

"ಗುರುಗಳೇ, ನಾಳೆ ಕೈಬಿಡುವವನನ್ನು ಇವತ್ತೇ ದೂರ ಮಾಡಿದರೆ ತಪ್ಪೇ?" ಎಂದು ಮುರಿಗೆಯ್ಯ ಕೇಳಿದನು.

ಯಾರ ವಿಷಯ ಎಂದು ಗುರುಗಳು ವಿಚಾರಿಸಿದರು.

ಮುರಿಗೆಯ್ಯ ಮಠದಲ್ಲಿ ಓದುತ್ತಿದ್ದ ಶಿಷ್ಯರಲ್ಲಿ ಒಬ್ಬ. ಜೊತೆಯವರ ಮೇಲೆ ಅವನು ಗುರುಗಳಿಗೆ ಚಾಡಿ ಹೇಳಿದನೆಂದು ಸುಳ್ಳು ಸುದ್ದಿ ಹಬ್ಬಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅವನೊಂದಿಗೆ ಮಾತು ಬಿಟ್ಟಿದ್ದರು. ಚನ್ನವೀರ ಎಂಬ ಗೆಳೆಯ ಮಾತ್ರ ಇನ್ನೂ ಅವನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದನು.

"ಸುದ್ದಿ ಚನ್ನವೀರನಿಗೆ ಇನ್ನೂ ಮುಟ್ಟಿಲ್ಲ," ಎಂದನು ಮುರಿಗೆಯ್ಯ. "ಮುಟ್ಟಿದ ದಿನ ಅವನೂ ಎದ್ದು ಹೋಗುತ್ತಾನೆ. ಅದನ್ನು ಕಾಯುತ್ತ ಕೂರುವುದು ನನ್ನಿಂದಾಗದು. ನಾನೇ ಮೊದಲು ನಂಟು ಕಡಿದುಕೊಳ್ಳುತ್ತೇನೆ."

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದನು. ಬಂಡಿ ಮಾಡುವುದು ಅವನ ಕಸುಬು. ಎರಡು ಗಾಲಿಗಳನ್ನು ಹಿಡಿಯುವ ಅಚ್ಚಿಗೆ ದಿಂಡಿಗ ಮರವೇ ಆಗಬೇಕು; ಹೇರು ಎಷ್ಟೇ ಇರಲಿ, ಅದು ಬಾಗೀತೇ ಹೊರತು ಮುರಿಯದು. ಊರ ಹಿಂದೆ ದಿಂಡಿಗದ ದೊಡ್ಡ ತೋಪು ಇತ್ತು. ಅವನ ಅಪ್ಪ, ಅಜ್ಜ ಎಲ್ಲರೂ ಮರ ತಂದದ್ದು ಅಲ್ಲಿಂದಲೇ. ಕಡಿಯುವ ಮೊದಲು ಕೊಡಲಿಯ ಹಿಂಬದಿಯಿಂದ ಮರವನ್ನು ತಟ್ಟಿ ಕಿವಿಗೊಡುವುದು ಅವರ ಕ್ರಮ. ಸದ್ದು ಗಟ್ಟಿಯಾಗಿ ಬಂದರೆ ಕಡಿಯುವರು, ಪೊಳ್ಳಾಗಿ ಬಂದರೆ ಬಿಟ್ಟು ಮುಂದಕ್ಕೆ ಹೋಗುವರು. ಕೆಟ್ಟ ಮರಕ್ಕೆ ಕೊಡಲಿ ಸವೆಸುವ ದಡ್ಡರು ಆ ಮನೆತನದಲ್ಲಿ ಹುಟ್ಟಿರಲಿಲ್ಲ.

ಒಂದು ವರ್ಷ ಒಬ್ಬ ವ್ಯಾಪಾರಿ ದೂರದ ಸೀಮೆಯಿಂದ ದಿಂಡಿಗದ ಸಸಿಗಳನ್ನು ತಂದನು. ನಿಮ್ಮವಕ್ಕಿಂತ ಬೇಗ ಬೆಳೆಯುತ್ತವೆ ಎಂದನು. ಬಡಗಿ ಕೊಂಡು ತೋಪಿನ ಅಂಚಿಗೆ ನೆಟ್ಟನು. ಆ ಸಸಿಗಳ ಎಲೆಯ ಮೇಲೆ ಒಂದು ಬೂಷ್ಟು ಬಂದಿತ್ತು. ಸಸಿಗಳಿಗೆ ಅದರಿಂದ ಏನೂ ಆಗಲಿಲ್ಲ. ಅವಕ್ಕೆ ಅದು ಹಳೆಯ ಪರಿಚಯ. ಊರ ಮರಗಳಿಗೆ ಅದು ಹೊಸದು. ಮಳೆಗಾಲದಲ್ಲಿ ಬೂಷ್ಟಿನ ಪುಡಿ ಗಾಳಿಗೆ ಹಾರಿ ತೋಪನ್ನೆಲ್ಲ ಹೊಕ್ಕಿತು. ಎಲೆಗಳು ಕಪ್ಪಾದವು. ಕೊಂಬೆಗಳು ತುದಿಯಿಂದ ಒಣಗುತ್ತ ಬಂದವು. ತೊಗಟೆ ಸೀಳಿತು. ಕೆಲವು ಮಳೆಗಾಲ ಕಳೆಯುವುದರೊಳಗೆ ತೋಪು ಬೋಳಾಯಿತು.

ಬಡಗಿಗೆ ಭಯವಾಯಿತು. ದಿಂಡಿಗ ಹೋದರೆ ಕಸುಬು ಹೋದಂತೆಯೇ. ಅವನು ತೋಪಿನಲ್ಲೆಲ್ಲ ತಟ್ಟುತ್ತ ನಡೆದನು. ಎಲ್ಲವೂ ಪೊಳ್ಳು. ನಟ್ಟನಡುವೆ ಒಂದು ಮರ ಮಾತ್ರ ಹಸಿರಾಗಿ ನಿಂತಿತ್ತು. ತಟ್ಟಿದರೆ ಕಂಚಿನ ಹಾಗೆ ಸದ್ದು ಕೊಟ್ಟಿತು.

ಅವನು ಮನೆಗೆ ಬಂದು ಕೊಡಲಿ ಮಸೆಯಲು ಕೂತನು.

"ಸುತ್ತಲಿನ ಮರಗಳೆಲ್ಲ ಒಣಗಿದವು," ಎಂದಳು ಹೆಂಡತಿ. "ರೋಗ ಬರೋದಿದ್ದರೆ ಆ ನಡುವಿನ ಮರಕ್ಕೂ ಇಷ್ಟರೊಳಗೆ ಬರಬೇಕಿತ್ತಲ್ಲ. ಯಾಕಿಷ್ಟು ಅವಸರ ಮಾಡ್ತೀರಿ?"

"ನಾಳೆ ಬಂತು ಅಂತಿಟ್ಟುಕೋ. ಆಮೇಲೆ ಅದು ಒಲೆಗೂ ಆಗಲ್ಲ. ಗಟ್ಟಿ ಇರೋವಾಗಲೇ ಕಡಿದರೆ ಅಚ್ಚಾದರೂ ಸಿಗುತ್ತೆ."

ಲೆಕ್ಕ ಸರಿಯಾಗಿಯೇ ಕಂಡಿತು. ಅವನು ಮರ ಕಡಿದನು. ಒಳಗೆ ಒಂದು ಕಲೆಯೂ ಇರಲಿಲ್ಲ. ಅಷ್ಟು ಒಳ್ಳೆಯ ಅಚ್ಚುಗಳನ್ನು ಅವನು ಅದುವರೆಗೆ ಮಾಡಿರಲಿಲ್ಲ. ಅವು ಮುಗಿದ ಮೇಲೆ ವ್ಯಾಪಾರಿ ತಂದ ಸಸಿಗಳಿಂದ ಬೆಳೆದ ಮರವನ್ನು ಕೆತ್ತಿ ನೋಡಿದನು. ಆ ಅಚ್ಚು ಮೊದಲ ಹೇರಿಗೇ ಮುರಿಯಿತು. ಬಂಡಿ ಮಾಡಿಸುವವರು ಬೇರೆ ಊರಿನ ದಾರಿ ಹಿಡಿದರು. ಬಡಗಿ ಮಣೆ, ಮಂಚದ ಕಾಲು ಮಾಡಿಕೊಂಡು ದಿನ ನೂಕಿದನು.

ಎಷ್ಟೋ ವರ್ಷಗಳ ಮೇಲೆ ಒಬ್ಬ ಬಂಡಿಯವನು ನೀರು ಕೇಳಿಕೊಂಡು ಅವನ ಅಂಗಳದಲ್ಲಿ ನಿಂತನು. ಬಡಗಿ ಅಭ್ಯಾಸಬಲದಿಂದ ಬಗ್ಗಿ ಬಂಡಿಯ ಅಡಿಯನ್ನು ನೋಡಿದನು. ಅಚ್ಚು ದಿಂಡಿಗದ್ದು, ಹೊಸದು.

"ನಿಮ್ಮ ಕಡೆ ಬೂಷ್ಟು ಬರಲಿಲ್ಲವೇ?" ಎಂದು ಕೇಳಿದನು.

"ಬರದೆ ಏನು? ತೋಪೆಲ್ಲ ಹೋಯ್ತು. ಒಂದು ಮರ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಈಗಿರೋದೆಲ್ಲ ಅದರ ಬೀಜದಿಂದ ಬಂದವು. ಅವಕ್ಕೂ ರೋಗ ತಾಗಿಲ್ಲ."

ಬಡಗಿ ಮತ್ತೆ ಬಗ್ಗಿ ಆ ಅಚ್ಚನ್ನು ಮುಟ್ಟಿ ನೋಡಿದನು. "ಅದನ್ನ ಉಳಿಸಿಕೋಬೇಕು ಅಂತ ನಿಮಗೆ ಹೇಗೆ ತಿಳೀತು?"

ಬಂಡಿಯವನು ನಕ್ಕನು. "ತಿಳಿಯೋದೆಲ್ಲಿಂದ ಬಂತು? ನಮ್ಮೂರ ಬಡಗಿ ಮಹಾ ಸೋಮಾರಿ. ನಾಳೆ ಕಡೀತೀನಿ, ನಾಳೆ ಕಡೀತೀನಿ ಅಂತಲೇ ಇದ್ದ."

ಬಂಡಿ ಹೊರಟುಹೋಯಿತು. ಬಡಗಿ ತೋಪಿದ್ದ ಜಾಗಕ್ಕೆ ಹೋಗಿ, ತಾನು ಕಡಿದ ಮರದ ಬುಡದಲ್ಲಿ ಒಂದು ಚಿಗುರಾದರೂ ಇದ್ದೀತೇ ಎಂದು ಹುಡುಕಿದನು. ಬುಡವನ್ನು ಗೆದ್ದಲು ತಿಂದು ಮುಗಿಸಿತ್ತು. ಅವನು ಅಲ್ಲೇ ಕೂತು ಅತ್ತನು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮುರಿಗೆಯ್ಯನಿಗೆ ಸಮಾಧಾನವಾಗಲಿಲ್ಲ. "ಆ ಮರಕ್ಕೆ ಬೂಷ್ಟು ತಾಗಿಯೂ ಅದು ಉಳಿದಿತ್ತು, ಗುರುಗಳೇ. ಚನ್ನವೀರನಿಗೆ ಸುದ್ದಿಯೇ ಇನ್ನೂ ಮುಟ್ಟಿಲ್ಲವಲ್ಲ?"

"ಆ ಸುದ್ದಿ ಎಲ್ಲರಿಗಿಂತ ಮೊದಲು ಬಿದ್ದದ್ದೇ ಚನ್ನವೀರನ ಕಿವಿಗೆ," ಎಂದರು ಗುರುಗಳು.