ಕಿವಿಗೆ ಹಿಡಿದ ಗೂಡು

ಶ್ರೀ ಮರುಳಯ್ಯಸ್ವಾಮಿಗಳಿಗೆ ಸಿಂಹಾಸನವಿರಲಿಲ್ಲ, ಬೆಳ್ಳಿಯ ಪಾದುಕೆಯೂ ಇರಲಿಲ್ಲ. ಇದ್ದದ್ದು ಕೆಂಚನದೊಡ್ಡಿಯ ಕೊನೆಯಲ್ಲೊಂದು ರೇಷ್ಮೆಹುಳು ಸಾಕುವ ಮನೆ, ಅದರ ಮೂಲೆಯಲ್ಲೊಂದು ಚಾಪೆ. ಪೂಜೆ ಮುಗಿಯಿತೆಂದರೆ ಪೂಜ್ಯರು ತಾವೇ ಹಿಪ್ಪುನೇರಳೆ ಸೊಪ್ಪು ಕೊಯ್ದು ತರುತ್ತಿದ್ದರು. ಅವರದು ಬಿತ್ತನೆಗೂಡು, ನೂಲು ತೆಗೆಯಲಿಕ್ಕಲ್ಲ, ಚಿಟ್ಟೆ ಹೊರಬಂದು ಮೊಟ್ಟೆ ಇಡಲಿಕ್ಕೆ. ಸುತ್ತಲ ಏಳು ಹಳ್ಳಿಯವರೂ ಗೂಡು ಬೆಳೆಯುತ್ತಾರೆ, ನಿಜ. ಆದರೆ ಕೆಂಚನದೊಡ್ಡಿಯ ಗೂಡಿನ ಮುಂದೆ ಅವೆಲ್ಲ ಕಡಲೆಕಾಯಿ ಸಿಪ್ಪೆ!

ಒಂದು ಬೆಳಿಗ್ಗೆ ಅದೇ ಊರಿನ ದೊಡ್ಡೀರೇಗೌಡ ಬಾಗಿಲಲ್ಲಿ ಎದೆ ಸೆಟೆಸಿ ನಿಂತ. ಸಾರಿಗೆ ಉಪ್ಪು ಕಮ್ಮಿಯೆಂದು ಊಟದ ತಣಿಗೆಯನ್ನೇ ಬೀಸಿ ಎಸೆದಿದ್ದ ಭೂಪ ಅವನು. ಹೆಂಡತಿ ಜವರಮ್ಮ ಅಂದೇ ತವರಿಗೆ ನಡೆದಿದ್ದಳು. "ಅವರು ಬದಲಾದ್ರು ಅಂತ ಬುದ್ಧಿಯವರು ಹೇಳಲಿ, ಬರ್ತೀನಿ" ಎಂದು ಹೇಳಿಕಳಿಸಿದ್ದಳು. ಆಕೆಯಿಲ್ಲದ ಮನೆ ಅವನಿಗೆ ಬಿಕೋ ಎನ್ನುತ್ತಿತ್ತು. ಜಂಬ ಮಾತ್ರ ಇಳಿದಿರಲಿಲ್ಲ.

"ಬುದ್ಧಿ, ಸಿಟ್ಟು ಬಿಟ್ಟು ಮೂರು ದಿನ ಆಯ್ತು. ಈ ಸೀಮೇಲೇ ನನ್ನಂಥ ಶಾಂತ ಇನ್ನೊಬ್ಬ ಇಲ್ಲ. ಅವಳಿಗೊಂದು ಮಾತು ಹೇಳಿಕಳಿಸಿ."

ಪೂಜ್ಯರು ನಕ್ಕರು. ಮೇದು ಹಣ್ಣಾದ ಹುಳುಗಳನ್ನು ಆಗತಾನೇ ಬಿದಿರಿನ ಚಂದ್ರಿಕೆಗೆ ಬಿಟ್ಟಿದ್ದರು, ಗೂಡು ಕಟ್ಟಲೆಂದು.

"ಕೈ ತೊಳೆದು ಒಳಗೆ ಬಾ. ಇವನ್ನು ಕಾಯಿ. ಗೂಡು ಬಿಡಿಸುವ ಹೊತ್ತಿಗೆ ಹೇಳೋಣ."

ದೊಡ್ಡೀರ ಕಾದ. ಹುಳುಗಳು ತಲೆಯಾಡಿಸುತ್ತ ಎಳೆ ಸುತ್ತಿ ಸುತ್ತಿ ಅದರೊಳಗೇ ಮರೆಯಾದವು. ಮೂರನೆಯ ದಿನ ಚಂದ್ರಿಕೆ ತುಂಬ ಗೂಡೋ ಗೂಡು! ಅವನಿಗೆ ತಾಳ್ಮೆ ಎಲ್ಲಿಂದ ಬರಬೇಕು? ಪೂಜ್ಯರು ಸ್ನಾನಕ್ಕೆ ಹೋದದ್ದೇ ತಡ, ಬೊಗಸೆ ತುಂಬ ಬಿಡಿಸಿಯೇಬಿಟ್ಟ.

"ನೋಡಿ ಬುದ್ಧಿ, ಎಲ್ಲರಿಗಿಂತ ಮೊದಲು!"

ಅವನ ಬಿಗಿಮುಷ್ಟಿಗೆ ನಲುಗಿದ ಒಂದು ಗೂಡಿನ ಮೇಲೆ ಕಂದು ಕಲೆ ಮೂಡಿತ್ತು. ಒಳಗಿನ ಎಳೆಜೀವ ಹೋಗಿತ್ತು. ಪೂಜ್ಯರು ಬೈಯಲಿಲ್ಲ. ಇನ್ನೊಂದನ್ನೆತ್ತಿ ಅವನ ಕಿವಿಯ ಬಳಿ ಅಲ್ಲಾಡಿಸಿದರು. ಸದ್ದೇ ಇಲ್ಲ.

"ಇದು ಒಳಗೆ ಬದಲಾದ ಮೇಲೆ ಸದ್ದು ಮಾಡುತ್ತಪ್ಪಾ. ನೀನು ಸದ್ದನ್ನೇ ಮೊದಲು ಮಾಡ್ತಿದ್ದೀಯ."

ದೊಡ್ಡೀರ ತನ್ನ ಅಂಗೈಯನ್ನೇ ನೋಡುತ್ತ ಕುಳಿತ. ತಣಿಗೆ ಎಸೆದದ್ದೂ ಇದೇ ಕೈ. ಮತ್ತೆ ಮೂರು ದಿನ ಒಂದು ಗೂಡನ್ನೂ ಮುಟ್ಟದೆ ಕಾದ. ಆರನೆಯ ಬೆಳಿಗ್ಗೆ ಒಂದು ಗೂಡನ್ನು ಮೆಲ್ಲಗೆ ಬಿಡಿಸಿ ಕಿವಿಗೆ ಹಿಡಿದ. ಲೊಟಲೊಟ! ಹುಳು ಪೊರೆ ಕಳಚಿ ಗಟ್ಟಿ ಕೋಶವಾಗಿತ್ತು. ಕೂಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಈ ಗೂಡು ಜವರಮ್ಮನಿಗೆ ಕೊಡು" ಎಂದರು ಪೂಜ್ಯರು.

ತವರಿನಲ್ಲಿ ಅವಳ ತಮ್ಮ ಬಾಗಿಲಲ್ಲೇ ಚುಚ್ಚಿದ: "ಏನ್ ಭಾವ, ತಣಿಗೆ ಎಸೆಯೋಕೆ ಬಂದ್ರಾ? ನಮ್ಮನೇಲಿ ಇವತ್ತು ಬಾಳೆಲೆ ಊಟ!"

ದೊಡ್ಡೀರನ ಕಿವಿ ಕೆಂಪಾಯಿತು. ಆದರೂ, "ಎಲೇಲೇ ಬಡಿಸಪ್ಪ" ಎಂದು ಕುಳಿತ. ಬುದ್ಧಿಯವರು ಕಳಿಸಿದ್ದೆಂದು ಅವನು ಚಾಚಿದ ಗೂಡನ್ನು ಜವರಮ್ಮ ಕಿವಿಗೆ ಹಿಡಿದು ಅಲ್ಲಾಡಿಸಿದಳು, ಒಳಗೆ ಹೋಗಿ ಮುದ್ದೆ ತಂದಿಟ್ಟಳು. ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದಳು. ಅವನು ಉಂಡ. ಮತ್ತೆ ಉಂಡ.

"ಹೆಂಗದೆ?"

"ಇನ್ನೊಂದು ಸೌಟು ಹಾಕು."

ಸಂಜೆ ಇಬ್ಬರೂ ಬಂದು ಪಾದಕ್ಕೆರಗಿದಾಗ ಪೂಜ್ಯರು ಸೊಪ್ಪು ಕೊಯ್ಯುತ್ತಿದ್ದರು. "ಏನಪ್ಪಾ ಸಮಾಚಾರ?" ಎಂದರು. ಹಿಂದಾಗಿದ್ದರೆ ಸೀಮೆಗೆಲ್ಲ ಕೇಳುವಂತೆ ಕೊಚ್ಚಿಕೊಳ್ಳುತ್ತಿದ್ದವನು ಕೈಮುಗಿದು ಸುಮ್ಮನೆ ನಿಂತ.

"ಬದಲಾದ್ರು, ಬುದ್ಧಿ." ಹೇಳಿದ್ದು ಜವರಮ್ಮ.